ಲಂಕೆಯಿಂದ ತಂದ ಕಾಗದಗಳು

ವಿಟ್ಬಿ,
ಮಾರ್ಚ್ ೮, ೨೦೨೫

ಪ್ರೀತಿಯ ಅಪ್ಪಾಜಿ,

ನಿಮ್ಮ ಶೈಲಜಾ ಕಾಲಿಗೆ ಬಿದ್ದಳೆಂದು ತಿಳಿಯಿರಿ. ಈ ಎಂಟು ತಿಂಗಳ ಹೊಟ್ಟೆ ಹೊತ್ತು ನಿಜವಾಗಿ ಬಗ್ಗುವುದು ಆಗದ ಮಾತು. ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಬಾಟಲಿಯನ್ನು ಕಿಟಕಿಯಲ್ಲಿಟ್ಟು ನೋಡುತ್ತಿದ್ದೀರೋ? ಫೋನಿರುವಾಗ ಇವಳಿಗೆ ಕಾಗದದ ಹುಚ್ಚೇಕೆ ಎನ್ನಬೇಡಿ. ನೀವು ಸ್ಪೀಕರ್ ಹಾಕಿದರೆ ಅರಸೀಕೆರೆಯ ಅರ್ಧ ಬೀದಿಗೆ ಕೇಳಿಸುತ್ತದೆ. ಈ ಪರದೇಶದಲ್ಲೂ ಅಷ್ಟೆ, ನಮ್ಮ ಬೇಸ್‌ಮೆಂಟಿನ ಮಾತೆಲ್ಲ ಬಿಸಿಗಾಳಿಯ ಕೊಳವೆ ಹತ್ತಿ ಮೇಲಿನ ಮನೆಗೆ ಹೋಗುತ್ತದೆ. ಅದಕ್ಕೇ ಊರಿಗೆ ಹೊರಟ ರಂಜಿತ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಒಬ್ಬರೇ ಕೂತು ಓದಿ.

ಮೇಲಿನ ಮನೆಯ ತವಮಣಿ ಅಕ್ಕನ ವಿಷಯ ಹೇಳಿದ್ದೆನಲ್ಲ, ನಮಗೆ ಬಾಡಿಗೆ ಕೊಟ್ಟವರು, ಲಂಕೆಯ ಜಾಫ್ನಾ ಕಡೆಯ ತಮಿಳರು. ಅಮ್ಮ ಇಲ್ಲವೆಂದು ಗೊತ್ತಾದ ದಿನವೇ ನನ್ನ ಬಾಣಂತನ ತಮ್ಮದೆಂದು ಒಪ್ಪಿಕೊಂಡವರು. ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, ‘ಪಿಳ್ಳೆ’ ಎಂದೇ ಕರೆಯುತ್ತಿದ್ದರು. ನಾವು ‘ಮಗಾ’ ಅನ್ನುವ ಹಾಗೆ. ಹೋದ ಸಲ ನಾನು ಊರಿಗೆ ಬಂದಾಗ ನೀವು ಟ್ರಂಕಿನಿಂದ ತೆಗೆದುಕೊಟ್ಟ ಗಂಟನ್ನು ಅವರ ಮುಂದೆಯೇ ಬಿಚ್ಚಿದೆ. ಅದರಲ್ಲಿ ನಿಮ್ಮ ಡೈರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆ ತಮಿಳು ಕಾಗದಗಳು. ಅಮ್ಮ ಅಷ್ಟು ವರ್ಷ ಅದಕ್ಕೆ ನುಸಿಗುಳಿಗೆ ಹಾಕುತ್ತಾ ಬಂದಳೇ ಹೊರತು ಏನೆಂದು ಕೇಳಲಿಲ್ಲ. ನಾನು ಕೇಳಿದ್ದಕ್ಕೆ “ದಾರೀಲಿ ಬಿದ್ದಿದ್ವು. ಅಲ್ಲಿ ಲಂಕೆಯೋರು ಬಾಳ ಜನ ಅವ್ರಂತಲ್ಲ, ಓದ್ಸಿ ನೋಡು, ಯಾರ್ಗಾರ ಸೇರ್ಬೇಕಾದ್ದಾದ್ರೆ ಸೇರ್ಸು” ಅಂದಿರಿ.

ಕಾಗದ ಕೊಡುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮಪ್ಪ ಮಿಲಿಟರಿಯಲ್ಲಿದ್ದರು, ಎಂಬತ್ತೇಳರಲ್ಲಿ ಶಾಂತಿಪಡೆಯ ಜೊತೆ ನಿಮ್ಮ ಊರ ಕಡೆಗೂ ಹೋಗಿದ್ದರು ಎಂದು ಹೆಮ್ಮೆಯಿಂದ ಹೇಳಿಬಿಟ್ಟೆ. ನಮ್ಮಲ್ಲಿ ಮಿಲಿಟರಿಯವರ ಮಗಳೆಂದರೆ ಕುರ್ಚಿ ಹಾಕಿ ಕೂರಿಸುತ್ತಾರೆ. ಯಾವ ಮಿಲಿಟರಿ, ಯಾರ ಊರಿಗೆ ನುಗ್ಗಿದ ಮಿಲಿಟರಿ ಅನ್ನುವುದು ಈ ದಡ್ಡ ತಲೆಗೆ ಹೊಳೆಯಲಿಲ್ಲ. ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಆಮೇಲೆ ಓದಿದರು. ಹೋರಾಟಕ್ಕೆ ಸೇರಿದ್ದ ಹುಡುಗನೊಬ್ಬ ತಾಯಿಗೆ ಬರೆದು, ಕಳಿಸಲಾಗದೆ ಜೇಬಿನಲ್ಲಿ ಇಟ್ಟುಕೊಂಡ ಕಾಗದಗಳಂತೆ. ಕೊನೆಯಲ್ಲಿ ಅವನ ಹೆಸರು, ತಾಯಿಯ ಹೆಸರು, ಊರು. ಅವರಲ್ಲಿ ಒಂದೊಂದು ಊರಿಗೂ ಇಲ್ಲೊಂದು ಸಂಘವಿದೆ. ಅಕ್ಕ ಕಾಗದದ ಫೋಟೊ ತೆಗೆದು ಆ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದು ರಾತ್ರಿ ಕಳೆಯುವಷ್ಟರಲ್ಲಿ ಹುಡುಗನ ತಂಗಿ ಸಿಕ್ಕಿಬಿಟ್ಟರು.

ಅವರ ಹೆಸರು ಜಯಲಕ್ಷ್ಮಿ, ಇಲ್ಲಿಂದ ಒಂದು ಗಂಟೆ ದೂರದ ಊರು ನ್ಯೂಮಾರ್ಕೆಟ್‌ನಲ್ಲಿದ್ದಾರೆ. ಬಂದರು. ಅಳುತ್ತಾರೆಂದು ನಾನು ಟಿಶ್ಯೂ ಡಬ್ಬ ಹಿಡಿದು ನಿಂತಿದ್ದೆ, ಅವರು ಅಳಲಿಲ್ಲ. ಕಾಗದದ ಮೂಲೆಯ ಕಂದು ಕಲೆಯನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡಿದರು. ಟೀ ಚೆಲ್ಲಿರಬೇಕು ಅಂದೆ. ಅಕ್ಕ ಆ ಕಾಗದವನ್ನು ನನ್ನ ಕೈಗೆ ಸಿಗದ ಹಾಗೆ ಆಚೆ ಸರಿಸಿದರು. ಅಣ್ಣ ಏನಾದನೆಂದು ಇವತ್ತಿಗೂ ಅವರಿಗೆ ಗೊತ್ತಿಲ್ಲ. ಅವರ ತಾಯಿ ಇನ್ನೂ ಬದುಕಿದ್ದಾರೆ. ಮಗನ ಫೋಟೊಗೆ ಹಾರ ಹಾಕಲು ಬಿಟ್ಟಿಲ್ಲ, ತಿಥಿ ಮಾಡಲು ಬಿಟ್ಟಿಲ್ಲ. ಹೊರಡುವಾಗ ಜಯಲಕ್ಷ್ಮಿ ನಿಮ್ಮ ಹೆಸರನ್ನು ನನ್ನಿಂದ ಎರಡು ಸಲ ಹೇಳಿಸಿ, ಫೋನಿನಲ್ಲಿ ಬರೆದುಕೊಂಡರು. ನಂಜುಂಡಪ್ಪ.

ಈಗ ಕಾಗದಗಳು ಮೇಲಿನ ಮನೆಯ ದೇವರ ಗೂಡಿನಲ್ಲಿವೆ, ಮುಂದೆ ದೀಪ. ಜಯಲಕ್ಷ್ಮಿ ವಾರವಾರ ಬಂದು ಅಲ್ಲಿ ಕೂರುತ್ತಾರೆ. ಮೊಮ್ಮಗುವನ್ನು ನೋಡಲು ನೀವು ಇಲ್ಲಿಗೆ ಬರುವ ತಾರೀಖಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದಾರೆ. ಜಗಳವಿಲ್ಲ, ಬೈಗುಳವಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಕಂಡಾಗಲೆಲ್ಲ ಒಂದೇ ಮಾತು, “ಅಪ್ಪಾ ವರಟ್ಟುಂ.” ಬರಲಿ ಅಂತ. ತವಮಣಿ ಅಕ್ಕ ಈಗಲೂ ಸಾರು ಕಳಿಸುತ್ತಾರೆ, ಆದರೆ ಕೆಳಗಿಳಿದು ಬರುವುದಿಲ್ಲ, ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಳ್ಳುತ್ತಾರೆ. ‘ಪಿಳ್ಳೆ’ ಹೋಗಿ ‘ಶೈಲಜಾ’ ಆಗಿದ್ದೇನೆ. ಅದೇ ಕೈಗಳಲ್ಲಿ ನನ್ನ ಮಗುವಿಗೆ ನೀರು ಹಾಕಿಸಬೇಕಲ್ಲ ಎಂದು ನೆನೆದರೆ ಭಯವಾಗುತ್ತದೆ. ಮನೆ ಬದಲಿಸೋಣ ಅನ್ನುತ್ತಾರೆ ನಿಮ್ಮ ಅಳಿಯ ಭುವನ್. ಮನೆ ಬದಲಿಸಿದರೆ ಮುಗಿಯುವ ವಿಷಯವೇ ಇದು?

ಭುವನ್ ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಚಿಕ್ಕಮ್ಮನಿಗೆ ನನ್ನ ನೆನಪು ಹೇಳಿ. ಸಿದ್ಧೇಶ್ವರ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಮಗಳು,
ಶೈಲಜಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ರಂಜಿತ್ ಬಾಗಿಲಲ್ಲಿ ನಿಂತಿದ್ದಾನೆ. ಇವತ್ತು ಬೆಳಿಗ್ಗೆ ನಿಮ್ಮ ಡೈರಿ ಓದಿದೆ. “ಒಬ್ಬ ಹುಡುಗ ಸಿಕ್ಕಿದ. ನೀರು ಕೇಳಿದ, ಕೊಟ್ಟೆ” ಎಂದು ಬರೆದಿದ್ದೀರಿ. ಮುಂದಿನ ಹಾಳೆ ಹರಿದಿದೆ. ದಾರಿಯಲ್ಲಿ ಬಿದ್ದ ಕಾಗದ ಯಾರನ್ನೂ ನೀರು ಕೇಳುವುದಿಲ್ಲ, ಅಪ್ಪಾಜಿ. ನೀರು ಕುಡಿದ ಮೇಲೆ ಅವನಿಗೆ ಏನಾಯಿತು? ಜಯಲಕ್ಷ್ಮಿ ನಿಮ್ಮನ್ನು ಕೇಳುವುದೂ ಇದೊಂದನ್ನೇ, ಅವರು ಕೇಳಿದಾಗ ನಾನು ಪಕ್ಕದಲ್ಲೇ ಇರುತ್ತೇನೆ. ಹೇಳಲು ಆಗುವುದಾದರೆ ಬನ್ನಿ. ಆಗದಿದ್ದರೆ ಮೊಮ್ಮಗುವನ್ನು ಫೋನಿನಲ್ಲೇ ನೋಡಿ.