ಬಾಲ್ಕನಿಗೆ ಅಟ್ಟಿದ ಕರಬೂಜ

ತಾಷ್ಕೆಂಟ್, ಭಾನುವಾರ

ತಂಗಿ ಗುಲ್ಸುಮಳಿಗೆ ಅಣ್ಣನ ಸಲಾಮು.

ನೀನು ಬೆಳೆದು ಕಳಿಸಿದ ಕರಬೂಜವನ್ನು ನನ್ನ ಮಗಳು ಮುಕರ್ರಮ್ ಬಾಲ್ಕನಿಗೆ ಅಟ್ಟಿದಳು. "ಸಿಪ್ಪೆ ಬಿರುಕು ಬಿಟ್ಟಿದೆ, ಸ್ಟಿಕ್ಕರೂ ಇಲ್ಲ. ನಮ್ಮ ಸೆವಾರಾನ ನೋಡೋಕೆ ಬರೋ ಗಂಡಿನ ಕಡೆಯೋರು ಏನಂದ್ಕೋತಾರಪ್ಪಾ?" ಎಂದಳು. ಈ ನಗರದಲ್ಲಿ ಹಣ್ಣನ್ನು ಯಾರೂ ಮೂಸುವುದಿಲ್ಲ, ಓದುತ್ತಾರೆ. ಪರದೇಶದ ಸೇಬುಗಳನ್ನು ಸ್ಟಿಕ್ಕರ್ ಎದುರಿಗೆ ಕಾಣುವಂತೆ ಜೋಡಿಸಿಟ್ಟಳು.

ವರನ ಅಜ್ಜಿ ಒಂದು ಸೇಬನ್ನು ತಿರುಗಿಸಿ ನೋಡಿ, ಕಚ್ಚದೆ ಕೆಳಗಿಟ್ಟರು. ನನ್ನ ಮೊಮ್ಮಗಳ ಸಂಬಂಧ ತಪ್ಪಿತೆಂದೇ ಭಾವಿಸಿದೆ. ಅಷ್ಟರಲ್ಲಿ ಗಾಳಿ ಬೀಸಿ, ಕರಬೂಜದ ಪರಿಮಳವು ಕೋಣೆಯನ್ನೆಲ್ಲ ತುಂಬಿತು.

"ಏನಮ್ಮಾ, ಒಳ್ಳೇ ಹಣ್ಣು ಬಚ್ಚಿಟ್ಟು ಮೇಣ ಸವರಿದ್ದನ್ನ ಮುಂದಿಡ್ತೀಯಲ್ಲ! ಹುಡುಗೀನೂ ಬೇರೆಯವಳನ್ನ ತೋರಿಸ್ತಿದ್ದೀಯೇನು?" ಎಂದು ಅಜ್ಜಿ ಗದರಿದರು.

ಸೆವಾರಾಳೇ ನಗುತ್ತ ಕರಬೂಜವನ್ನು ತಂದು ಕೊಯ್ದಳು. ಅಜ್ಜಿ ಸಿಪ್ಪೆಯವರೆಗೂ ತಿಂದು, ಕೈ ಒರೆಸಿಕೊಂಡು, ಪದ್ಧತಿಯಂತೆ ರೊಟ್ಟಿ ಮುರಿದು ಸಂಬಂಧವನ್ನು ನಿಶ್ಚಯಿಸಿದರು.

ನನ್ನ ಮಂಡಿನೋವು ಇಳಿದಿದೆ. ಆ ಅಜ್ಜಿಗೆ ಮದುವೆಗೂ ಅದೇ ಹಣ್ಣು ಬೇಕಂತೆ. ಬಳ್ಳಿಗಳಿಗೆ ನೀರು ಹೆಚ್ಚು ಹಾಯಿಸಬೇಡ, ಸಿಹಿ ಕೆಡುತ್ತದೆ. ಅಂದಹಾಗೆ, ಇಡೀ ಮಾರುಕಟ್ಟೆ ಸುತ್ತಿ ಆ ಕರಬೂಜವನ್ನು ತಾನೇ ಆರಿಸಿ ತಂದದ್ದೆಂದು ಮುಕರ್ರಮ್ ನೆರೆಹೊರೆಗೆಲ್ಲ ಹೇಳುತ್ತಿದ್ದಾಳೆ. ಮದುವೆಗೆ ಬಂದಾಗ ನೀನೂ ಕೇಳಿ ತಲೆಯಾಡಿಸು.

ಅವಸರದಲ್ಲಿ,
ಅಣ್ಣ ಹಕ್‌ನಜರ್