ಗಾಳಿ ಹೊಕ್ಕ ಗಾಡಿ

ಫೆಬ್ರವರಿ 33, 2189
ಧಾರವಾಡ

ಪೂಜ್ಯ ವಿಮಲಾಕ್ಷಿ ಅಜ್ಜಿಯವರಿಗೆ,

ಮೊದಲು ಕ್ಷಮಿಸಿ. ಪರಿಚಯವಿಲ್ಲದವರಿಗೆ ಹೀಗೆ ಪತ್ರ ಬರೆಯಬಾರದು. ನೀವಿನ್ನೂ ನಲವತ್ತು ದಾಟಿರದಿರುವಾಗ ನಿಮ್ಮನ್ನು ಅಜ್ಜಿ ಎನ್ನಲೂಬಾರದು. ನಾನು ಅವನಿ ಕಬ್ಬೂರ, ನಿಮ್ಮಿಂದ ಆರನೆಯ ತಲೆಮಾರು, ಕಾಲೇಜಿನ ಮೊದಲ ವರ್ಷ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದದ್ದರಿಂದ ನನ್ನ ಕನ್ನಡ ಅರ್ಧ ಇಂಗ್ಲಿಷ್, ಉಳಿದರ್ಧ ನಿಮಗೆ ವಿಚಿತ್ರ ಅನ್ನಿಸಬಹುದು. ತಾರೀಖು ತಪ್ಪಿಲ್ಲ. ಬೇಸಿಗೆ ಸ್ವಲ್ಪ ತಡವಾಗಿ ಬರಲಿ ಎಂದು ನಮ್ಮಲ್ಲಿ ಫೆಬ್ರವರಿಯನ್ನು ಉದ್ದ ಮಾಡಿದರು, ಬೇಸಿಗೆ ಕೇಳಲಿಲ್ಲ. ಈ ಪತ್ರ ಹಿಂಚೆಯಲ್ಲಿ ಬರುತ್ತಿದೆ. ಹಿಂಚೆ ಎಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ವಿದ್ಯಾರ್ಥಿಗಳಿಗೆ ವರ್ಷಕ್ಕೊಂದೇ ಪತ್ರ.

ನಿಮ್ಮ ಬೂದು ಬಣ್ಣದ ಏಳು ಸೀಟಿನ ಡೀಸೆಲ್ ಗಾಡಿ ಇನ್ನೂ ಇದೆ. ಅದನ್ನು ಓಡಿಸುವಂತಿಲ್ಲ. ಊರಾಚೆಯ ಸದ್ದುಮನೆಯಲ್ಲಿ, ಅಂದರೆ ಹಳೆಯ ಎಂಜಿನ್ನುಗಳನ್ನು ಇಟ್ಟಿರುವ ದೊಡ್ಡ ಶೆಡ್ಡಿನಲ್ಲಿ, ನಿಂತಿದೆ. ವರ್ಷಕ್ಕೊಮ್ಮೆ, ಸದ್ದಿನ ದಿನ, ಪ್ರತಿ ಮನೆತನದವರೂ ಬಂದು ತಮ್ಮ ಗಾಡಿಯನ್ನು ಒಂದು ನಿಮಿಷ ಚಾಲೂ ಮಾಡಿ ತೋರಿಸಬೇಕು. ಅದಕ್ಕೆಂದೇ ಬೀಜದೆಣ್ಣೆಯ ಡೀಸೆಲ್ ಕೊಡುತ್ತಾರೆ. ಸದ್ದು ಬಾರದ ಗಾಡಿಯನ್ನು ಸಂಜೆಯೊಳಗೆ ಕರಗಿಸಲು ಒಯ್ಯುತ್ತಾರೆ. ಚಾಲೂ ಮಾಡಲು ಮನೆತನದವರಲ್ಲದೆ ಬೇರೆಯವರು ಕೈ ಹಚ್ಚುವಂತಿಲ್ಲ. ಇಷ್ಟು ವರ್ಷ ಅಮ್ಮ ಮಾಡುತ್ತಿದ್ದಳು. ಹೋದ ಶ್ರಾವಣದಲ್ಲಿ ಅಮ್ಮ ತೀರಿಕೊಂಡಳು. ಮನೆತನ ಅಂದರೆ ಈಗ ನಾನೊಬ್ಬಳೇ.

ನಾವು ಓಡಾಡುವುದು ಒಂಟಿಗೂಡಿನಲ್ಲಿ. ಅದು ಮೊಟ್ಟೆಯಂಥದ್ದು, ಒಬ್ಬರನ್ನೇ ಹಿಡಿಸುತ್ತದೆ, ದಾರಿ ತಾನೇ ನೋಡಿಕೊಳ್ಳುತ್ತದೆ. ಅಮ್ಮನ ಜೊತೆ ಹೋಗುವಾಗಲೂ ಅವಳದೊಂದು, ನನ್ನದೊಂದು. ಗಾಜಿನಾಚೆಯಿಂದ ಕೈ ಬೀಸುತ್ತಿದ್ದೆವು. ನಿಮ್ಮ ಗಾಡಿಯ ವಿಷಯ ಹೇಳಿದಾಗ ರೂಮ್‌ಮೇಟ್ ಸಾನಿಕಾ, "ಏಳು ಮಂದೀನಾ? ಒಂದ ಡಬ್ಬಿಯೊಳಗ? ಜಗಳಾ ಆದ್ರ ಎಲ್ಲಿ ಹೋಗತಿದ್ರಲೇ?" ಎಂದು ನಕ್ಕಳು. ಭಾನುವಾರಗಳಂದು ನಾನು ಅದರಲ್ಲಿ ಹೋಗಿ ಕೂರುತ್ತೇನೆ. ಏಳೂ ಸೀಟುಗಳಲ್ಲಿ ಕೂತು ನೋಡಿದ್ದೇನೆ. ಕೊನೆಯ ಸಾಲಿನಲ್ಲಿ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ. ನಡುಸಾಲಿನ ಎಡಕಿಟಕಿಯ ಕೆಳಗೆ ಯಾರೋ "ಇದು ನಂದು" ಎಂದು ಗೀಚಿದ್ದಾರೆ. ನಿಮ್ಮ ಮಕ್ಕಳಲ್ಲಿ ಯಾರು? ನಿಮ್ಮ ಕಾಲದ ಹೊಗೆಯ ಬಗ್ಗೆ ನಮಗೊಂದು ಪಾಠವಿದೆ. ಪರೀಕ್ಷೆಯಲ್ಲಿ ನಿಮ್ಮನ್ನೆಲ್ಲ ಬೈದು ಹತ್ತಕ್ಕೆ ಒಂಬತ್ತು ತೆಗೆದುಕೊಂಡಿದ್ದೇನೆ. ಸಾರಿ. ಬರೆದದ್ದು ಸುಳ್ಳಲ್ಲ, ಆದರೂ ಸಾರಿ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬರುವ ಸೋಮವಾರ ಸದ್ದಿನ ದಿನ. ಟೆನ್ಶನ್ನಿನಲ್ಲಿ ನಾನು ಹಳೆಯ ಡೀಸೆಲನ್ನು ಕೊನೆಯ ಹನಿಯವರೆಗೂ ಇಳಿಸಿ, ಟ್ಯಾಂಕು, ಫಿಲ್ಟರು ಒರೆಸಿ, ಹೊಸದನ್ನು ಸುರಿದೆ. ಹಾಸ್ಟೆಲಿನಲ್ಲಿ ಕಲಿಸುವುದೇ ಅದು: ತೊಳಿ, ಒರೆಸು, ಬೋರಲು ಹಾಕು. ಈಗ ಕೀಲಿ ತಿರುಗಿಸಿದರೆ ಖರ್ರ್ ಖರ್ರ್ ಎನ್ನುತ್ತದೆ, ಹಿಡಿಯುವುದಿಲ್ಲ. ಸದ್ದುಮನೆ ಕಾಯುವ ನೀಲವ್ವ ಬಾನೆಟ್ಟಿಗೆ ಕಿವಿಗೊಟ್ಟಳು.

"ಪೈಪಿನಾಗ ಗಾಳಿ ಹೊಕ್ಕೈತಿ, ಕಾಲೇಜ್ ಬಾಯಾರ. ಅದರ ಹೊಟ್ಟಿ ತೊಳೀರಿ ಅಂತ ಯಾರ ಹೇಳಿದ್ರು ನಿಮಗ?"

ಗಾಳಿ ತೆಗೆಯುವುದು ಹೇಗೆ ಎಂದು ಕೇಳಿದೆ.

"ನಿಮ್ಮವ್ವಗ ಗೊತ್ತಿತ್ತು. ನಾ ಬಾಗಲಾ ಕಾಯಾಕಿ."

ಅಮ್ಮ ಪ್ರತಿ ವರ್ಷ ಕರೆಯುತ್ತಿದ್ದಳು, "ಬಾರವ್ವಾ, ನೋಡಿ ಕಲಿ" ಎಂದು. ನಾನು ಪ್ರತಿ ವರ್ಷ ಎಕ್ಸಾಮ್ ಇದೆ ಎನ್ನುತ್ತಿದ್ದೆ. ಅದರಲ್ಲಿ ಮೂರು ವರ್ಷ ಎಕ್ಸಾಮ್ ಇರಲೇ ಇಲ್ಲ.

ಗಾಡಿಯ ಸರ್ವಿಸ್ ಪುಸ್ತಕದ ಹಿಂಬದಿಯಲ್ಲಿ ನಿಮ್ಮ ಕೈಬರಹ ಸಿಕ್ಕಿತು: "ನರಗುಂದದ ಹತ್ತಿರ ಡೀಸೆಲ್ ಖಾಲಿ. ತುಂಬಿಸಿದರೂ ಚಾಲೂ ಆಗಲಿಲ್ಲ. ನಾನೇ ಗಾಳಿ ತೆಗೆದೆ. ಎಲ್ಲರೂ ಚಪ್ಪಾಳೆ ತಟ್ಟಿದರು." ಹೇಗೆ ತೆಗೆದಿರಿ ಎಂದು ಬರೆದಿಲ್ಲ. ಫಿಲ್ಟರಿನ ತಲೆಯ ಮೇಲೆ ಒಂದು ಕಪ್ಪು ಗುಂಡಿಯಿದೆ, ಒತ್ತಿದರೆ ಮೆತ್ತಗೆ ಒಳಗೆ ಹೋಗುತ್ತದೆ. ಪಕ್ಕದಲ್ಲೊಂದು ಸಣ್ಣ ಸ್ಕ್ರೂ. ಮೊದಲು ಯಾವುದು? ಸ್ಕ್ರೂ ಸಡಿಲಿಸಿ ಒತ್ತಬೇಕೋ, ಬಿಗಿದೋ? ಎಷ್ಟು ಸಲ? ಒಡೆದುಹೋದೀತೆಂದು ಮುಟ್ಟಲು ಭಯ. ಇದೂ ಹೋದರೆ ನಮ್ಮವರು ಜೊತೆಯಾಗಿ ಕೂತಿದ್ದ ಜಾಗ ಅಂತ ನನಗೆ ಬೇರೊಂದಿಲ್ಲ.

ಒಂದು ಚೀಟಿಯಲ್ಲಿ ಬರೆದು ಡ್ರೈವರ್ ಸೀಟಿನ ಮುಂದಿನ ಮ್ಯಾಟಿನ ಅಡಿಗೆ ಇಡಿ, ಯಾರಿಗೂ ತೆಗೆಯಲು ಬಿಡಬೇಡಿ. ನಾನು ದಿನವೂ ಕ್ಲಾಸು ಮುಗಿಸಿ ಬಂದು ಎತ್ತಿ ನೋಡುತ್ತೇನೆ. ಇವತ್ತೂ ನೋಡಿದೆ, ಈ ಪತ್ರ ಹಾಕುವುದಕ್ಕೂ ಮೊದಲೇ.

ದಯವಿಟ್ಟು ಬೇಗ ಉತ್ತರ ಬರೆಯಿರಿ.

ನಿಮ್ಮ,
ಅವನಿ