ಕೊಕ್ಕೆ ಬಿಚ್ಚಿದ ಮಧ್ಯಾಹ್ನ

ಮುನಿಸಿಕೊಂಡಿರುವ ಭಾವನವರಿಗೆ,

ನಾದಿನಿಯ ನಮಸ್ಕಾರ. ಕ್ಷೇಮ ಸಮಾಚಾರ ಬದಿಗಿರಲಿ, ನನಗೀಗ ಅದಕ್ಕೆಲ್ಲ ತಾಳ್ಮೆಯಿಲ್ಲ. ಅಕ್ಕ ನನ್ನ ಫೋನ್ ಎತ್ತುತ್ತಿಲ್ಲ. ಭಾನುವಾರ ಮನೆಗೆ ಬಂದರೆ ಒಳಗೂ ಕರೆಯದೆ, "ಅಷ್ಟು ಜನರ ಮುಂದೆ ಅವರನ್ನ ಬೈದ್ಯಲ್ಲ, ಅಂಥದ್ದೇನಾಗಿತ್ತು?" ಎಂದಳು. ಏನೂ ಆಗಿರಲಿಲ್ಲ. ಆಗದ ಹಾಗೆ ನೋಡಿಕೊಂಡವಳು ಸಾಕ್ಷಿ ಎಲ್ಲಿಂದ ತರಬೇಕು ಹೇಳಿ!

ಸೇತುವೆ ಕೆಲಸದಲ್ಲೇ ನಿಮ್ಮ ತಲೆ ನರೆತಿದೆ, ಒಪ್ಪುತ್ತೇನೆ. ನಾನು ಇಂಜಿನಿಯರಾಗಿ, ನೀವು ಮೇಸ್ತ್ರಿಯಾಗಿರುವ ಸೈಟಿಗೇ ಬಂದಾಗ, "ಮನೇಲಿ ಅಕ್ಕನ ಕಾಟ, ಇಲ್ಲಿ ತಂಗೀದು" ಎಂದು ಎಲ್ಲರನ್ನೂ ನಗಿಸಿದವರು ನೀವು. ಆದರೆ ಒಂಟಿ ಗರ್ಡರಿನ ಸ್ವಭಾವ ನಿಮಗೆ ಗೊತ್ತಿಲ್ಲದ್ದೇ? ಅಷ್ಟುದ್ದದ ಉಕ್ಕಿನ ತೊಲೆ, ಎರಡು ಕಂಬಗಳ ಮೇಲೆ ಕಿರಿದಾದ ಅಂಚೂರಿ ನಿಲ್ಲಿಸಿದ ಹಲಗೆಯ ಹಾಗೆ ಅದು. ಪಕ್ಕದ ಗರ್ಡರ್ ಬಂದು, ನಡುವಿನ ಅಡ್ಡಪಟ್ಟಿಗಳಿಗೆ ಬೋಲ್ಟು ಬಿಗಿಯುವ ತನಕ ಯಾವಾಗ ಬೇಕಾದರೂ ಮಗುಚಬಹುದು. ಅಲ್ಲಿಯವರೆಗೆ ಅದನ್ನು ಹಿಡಿದಿರುವ ಕ್ರೇನಿನ ಕೊಕ್ಕೆ ಬಿಚ್ಚಬೇಡಿ ಎಂದು ಆ ದಿನ ಬೆಳಗ್ಗೆ ಹೇಳಿದಾಗ ನೀವೂ ತಲೆಯಾಡಿಸಿದ್ದಿರಿ. ನಾನು ಆಫೀಸಿಗೆ ಹೋಗಿ ಬರುವಷ್ಟರಲ್ಲಿ ಕೊಕ್ಕೆ ಬಿಚ್ಚಿಸಿ, ಒಂದೇ ಬದಿಗೆ ತಂತಿಹಗ್ಗ ಎಳೆದು ಕಟ್ಟಿ, ಕ್ರೇನನ್ನು ಲಾರಿಯ ಸಾಮಾನು ಇಳಿಸಲು ಕಳಿಸಿದ್ದಿರಿ. "ಬಂಡೆ ಹಾಗೆ ನಿಂತಿದೆ, ಊಟ ಮಾಡು ಹೋಗು ಪುಟ್ಟಿ" ಎಂದಿರಿ.

ಗರ್ಡರಿನ ತುದಿಗೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದೆ ಭಾವ. ಬಿಸಿಲು ಬಿದ್ದ ಬದಿ ಕಾದು ಹಿಗ್ಗಿ, ಗರ್ಡರ್ ಹಗ್ಗ ಕಟ್ಟಿದ ಕಡೆಗೇ ಬಾಗಿತ್ತು. ಬಿಗಿಯಾಗಿರಬೇಕಾದ ಹಗ್ಗ ಜೋತುಬಿದ್ದಿತ್ತು, ಹಿಂದಕ್ಕೆ ಎಳೆದು ಹಿಡಿಯಲು ಆಚೆ ಬದಿಗೆ ಹಗ್ಗವೇ ಇರಲಿಲ್ಲ. ಗರ್ಡರ್ ಬಾಗಿದ ಆ ಬದಿಯ ಕೆಳಗೇ ನೀವು ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದಿರಿ. ಆಮೇಲೆ ನನ್ನ ಬಾಯಿಂದ ಏನೇನು ಬಂತೋ, ದೇವರಾಣೆ ನೆನಪಿಲ್ಲ.

ಕ್ರೇನ್ ವಾಪಸ್ ಬಂದು ಗರ್ಡರನ್ನು ಹಿಡಿದುಕೊಂಡಿತು. ಮರುದಿನ ಇನ್ನೊಂದು ಕ್ರೇನಿನಿಂದ ಎರಡನೆಯ ಗರ್ಡರೂ ಏರಿತು, ಬೋಲ್ಟು ಬಿಗಿದಾಯಿತು. ಈಗ ಸೈಟಿನವರೆಲ್ಲ ಅದನ್ನೇ ತೋರಿಸಿ, "ನಿಂತಿದೆಯಲ್ಲಾ ಮೇಡಂ, ಸುಮ್ನೆ ರಂಪ ಮಾಡಿದ್ರಿ" ಎನ್ನುತ್ತಾರೆ. ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ.

ನೀವು ಬೇರೆ ಸೈಟಿಗೆ ಹೋಗುತ್ತೀರಂತೆ. ಹೋಗಿ, ನಿಮ್ಮಿಷ್ಟ. ಆದರೆ ಅಲ್ಲಿಯೂ ಮೊದಲ ಗರ್ಡರ್ ಒಂಟಿಯಾಗಿಯೇ ನಿಲ್ಲುತ್ತದೆ, ಕಿರುಚುವುದಕ್ಕೆ ನಾನಿರುವುದಿಲ್ಲ. ಆ ಯೋಚನೆಗೆ ನನಗೆ ನಿದ್ದೆ ಬರುತ್ತಿಲ್ಲ. ಬೈದ ರೀತಿಗೆ ಕ್ಷಮೆ ಕೇಳುತ್ತೇನೆ, ಬೈದದ್ದಕ್ಕೆ ಕೇಳುವುದಿಲ್ಲ. ಅಕ್ಕ ಎಷ್ಟು ಬೈದರೂ ಬೈಸಿಕೊಳ್ಳುತ್ತೇನೆ. ಅವಳಿಗೆ ಹೋಗಿ ಬೇರೆ ಸುದ್ದಿ ಹೇಳುವ ಕೆಲಸ ಮಾತ್ರ ನನ್ನ ಪಾಲಿಗೆ ತರಬೇಡಿ.

ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ನೂರು ಕಾಲ ಬಾಳಿ.

ಇತಿ,
ನಿಮ್ಮ ಬಾಯಿಬಡುಕಿ ನಾದಿನಿ